ಮಗಳಿಗೋಸ್ಕರ ಕುಂಡದಲ್ಲಿ ಕ್ಯಾರೆಟ್ ಹುಗಿದಿಟ್ಟೆ. ಈಗ ನಿಜ ಹೇಳಬೇಕಾ?

ಬಾಲ್ಕನಿ ಅಮ್ಮ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನನ್ನ ಮಗಳಿಗೆ ನಾಲ್ಕು ವರ್ಷ. ಎರಡು ತಿಂಗಳ ಹಿಂದೆ ನಾನು ಕ್ಯಾರೆಟ್ ಹೆಚ್ಚುತ್ತಿದ್ದೆ. ಪಕ್ಕದಲ್ಲಿ ಕೂತಿದ್ದವಳು "ಅಮ್ಮಾ, ಇದನ್ನ ಯಾರು ಮಾಡ್ತಾರೆ?" ಅಂತ ಕೇಳಿದಳು. ಯಾರೂ ಮಾಡಲ್ಲ ಪುಟ್ಟಿ, ಮಣ್ಣಲ್ಲಿ ಬೆಳೆಯುತ್ತೆ ಅಂದೆ. ನಂಬಲೇ ಇಲ್ಲ. ಹೇಗೆ ನಂಬುತ್ತಾಳೆ? ಮಣ್ಣು ಗಲೀಜು, ಮುಟ್ಟಬೇಡ ಅಂತ ದಿನಾ ಹೇಳೋದು ನಾನೇ ಅಲ್ವಾ.

ಆ ವಾರವೇ ಒಂದು ಕುಂಡ, ಮಣ್ಣು, ಕ್ಯಾರೆಟ್ ಬೀಜ ತಂದೆ. ಇಬ್ಬರೂ ಸೇರಿ ಬಿತ್ತಿದೆವು. ಅವಳು ದಿನಕ್ಕೆ ಐದಾರು ಸಲ ನೀರು ಹಾಕಿದಳು. ವಾರ ಕಳೆದರೂ ಏನೂ ಕಾಣಲಿಲ್ಲ. ಚಮಚದಲ್ಲಿ ಕೆದಕಿ ನೋಡಲು ಶುರು ಮಾಡಿದಳು. ಕೊನೆಗೆ ನಾಲ್ಕೈದು ಸಸಿ ದಾರದ ಹಾಗೆ ಎದ್ದವು. ಎರಡೇ ದಿನಕ್ಕೆ ಬುಡ ಕರಗಿ ಮಲಗಿಬಿಟ್ಟವು. ಅವಳಿಗೆ ಅದು ಅರ್ಥ ಆಗಲಿಲ್ಲ ಅನಿಸುತ್ತೆ. ಖಾಲಿ ಮಣ್ಣಿಗೆ ದಿನಾ ನೀರು ಹಾಕುತ್ತಲೇ ಇದ್ದಳು.

ಅದನ್ನು ನೋಡಲಾಗದೆ ಕಳೆದ ವಾರ ಒಂದು ಕೆಲಸ ಮಾಡಿದೆ. ರಾತ್ರಿ ಅವಳು ಮಲಗಿದ ಮೇಲೆ, ಅಂಗಡಿಯಿಂದ ತಂದ ಐದು ಕ್ಯಾರೆಟ್ಟನ್ನು ಮಣ್ಣಿನಲ್ಲಿ ಹುಗಿದು ತಲೆ ಮಾತ್ರ ಕಾಣುವ ಹಾಗೆ ಬಿಟ್ಟೆ. ಬೆಳಗ್ಗೆ ಅವಳು ಒಂದೊಂದಾಗಿ ಎಳೆದಳು. ಆ ಖುಷಿಯನ್ನು ಹೇಗೆ ಹೇಳಲಿ! ಮನೆಯೆಲ್ಲಾ ಓಡಾಡಿದಳು. ಯಾವತ್ತೂ ಬಾಯಿಗಿಡದವಳು ತೊಳೆದು ಹಸಿಯಾಗಿಯೇ ಒಂದು ತಿಂದಳು.

ಮಾರನೆಯ ದಿನ ಬೆಳಗ್ಗೆ ಆರು ಗಂಟೆಗೆ ಎದ್ದು ಕುಂಡದ ಹತ್ತಿರ ಹೋಗಿದ್ದಳು. ಮಣ್ಣೆಲ್ಲಾ ಹೊರಗೆ ಹಾಕಿ ಹುಡುಕಿದ್ದಳು. ಅವತ್ತಿನಿಂದ ದಿನಾ ಹುಡುಕುತ್ತಾಳೆ. ನಿನ್ನೆ ಕೇಳಿದಳು: "ಅಮ್ಮಾ, ನಮ್ಮ ಕ್ಯಾರೆಟ್‌ಗೆ ಎಲೆ ಯಾಕೆ ಇರಲಿಲ್ಲ? ಪುಸ್ತಕದಲ್ಲಿ ಇದೆಯಲ್ಲಾ."

ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕಾ? ಹೇಳಿದರೆ ಹೇಗೆ? ಈ ಸಲ ನಿಜವಾಗಿ ಬೆಳೆಯಬೇಕು ಅಂದರೆ ಏನು ಬೆಳೆಯಲಿ?

ಎರೆಹುಳು

ಮೊದಲು ಸಸಿ ಯಾಕೆ ಸತ್ತವು ಅಂತ ಹೇಳುತ್ತೇನೆ. ಬುಡ ಕರಗಿ ಮಲಗಿದವು ಅಂದಿರಲ್ಲ, ಅದು ನೀರು ಜಾಸ್ತಿ ಆಗಿದ್ದರ ಗುರುತು. ಯಾವಾಗಲೂ ಒದ್ದೆ ಇರುವ ಮಣ್ಣಿನಲ್ಲಿ ಶಿಲೀಂಧ್ರ ಬೆಳೆದು ಎಳೆ ಸಸಿಯ ಬುಡವನ್ನೇ ಕೊಳೆಸುತ್ತದೆ. ನಿಮ್ಮ ಮಗಳ ತಪ್ಪಲ್ಲ. ಆ ವಯಸ್ಸಿನ ಮಗುವಿಗೆ ಪ್ರೀತಿ ಅಂದರೆ ನೀರು ಹಾಕೋದು.

ಎರಡನೆಯದು, ಶುರು ಮಾಡಲು ಕ್ಯಾರೆಟ್ ಸರಿಯಾದ ಬೆಳೆಯಲ್ಲ. ಮೊಳಕೆ ಬರಲು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ. ಕಿತ್ತು ತಿನ್ನಲು 70-80 ದಿನ ಬೇಕು. ಮಣ್ಣಿನಲ್ಲಿ ಸಣ್ಣ ಕಲ್ಲು ಸಿಕ್ಕರೂ ಗಡ್ಡೆ ಎರಡು ಕವಲಾಗುತ್ತದೆ. ನಾಲ್ಕು ವರ್ಷದ ಮಗುವಿಗೆ ಎರಡು ತಿಂಗಳು ಅಂದರೆ ಕೊನೆಯೇ ಇಲ್ಲದ ಕಾಲ.

ಸಣ್ಣ ಕೆಂಪು ಮೂಲಂಗಿ ಹಾಕಿ. 3ರಿಂದ 5 ದಿನಕ್ಕೆ ಮೊಳಕೆ ಕಾಣುತ್ತೆ, 25-30 ದಿನಕ್ಕೆ ಕೀಳಬಹುದು. ಒಂದು ಗೇಣು ಆಳದ ಕುಂಡ ಸಾಕು, ತಳದಲ್ಲಿ ತೂತು ಇರಲೇಬೇಕು. ಬೀಜದಿಂದ ಬೀಜಕ್ಕೆ ಎರಡು ಬೆರಳು ಅಂತರ ಬಿಡಿ. ಒತ್ತಾಗಿ ಹಾಕಿದರೆ ಎಲೆ ಮಾತ್ರ ಬಂದು ಗಡ್ಡೆ ಕಟ್ಟುವುದಿಲ್ಲ. ದಿನಕ್ಕೆ ಆರು ಗಂಟೆ ಬಿಸಿಲು ಸಿಕ್ಕರೆ ಒಳ್ಳೆಯದು. ಅಷ್ಟು ಬಿಸಿಲು ಇಲ್ಲದ ಬಾಲ್ಕನಿಯಾದರೆ ಸೊಪ್ಪು ಹಾಕಿ, ಅದಕ್ಕೆ ಮೂರು ನಾಲ್ಕು ಗಂಟೆ ಸಾಕು.

ನೀರಿಗೆ ಒಂದು ಉಪಾಯ: "ಬೆರಳು ಹಾಕಿ ನೋಡು, ಒಳಗೆ ಒಣಗಿದ್ದರೆ ಮಾತ್ರ ನೀರು" ಅಂತ ಕಲಿಸಿ. ಮಕ್ಕಳಿಗೆ ಮಣ್ಣಿನಲ್ಲಿ ಬೆರಳು ಹಾಕುವುದು ನೀರು ಹಾಕುವಷ್ಟೇ ಇಷ್ಟ.

ಇಬ್ಬರ ಅಪ್ಪ

ನನ್ನ ಅಭಿಪ್ರಾಯ ಬೇರೆ. ನಿಜ ಹೇಳಬೇಡಿ. ಅವಳು ಖುಷಿಯಾದಳು, ಹಸಿ ಕ್ಯಾರೆಟ್ ತಿಂದಳು. ಇನ್ನೇನು ಬೇಕು? ಎಲ್ಲಾ ತಂದೆ ತಾಯಿಯೂ ಮಕ್ಕಳ ಖುಷಿಗೆ ಇಂಥದ್ದು ಮಾಡುತ್ತಾರೆ. ದೊಡ್ಡವಳಾದ ಮೇಲೆ ತಾನೇ ಅರ್ಥ ಮಾಡಿಕೊಳ್ಳುತ್ತಾಳೆ. ಈಗ ಹೇಳಿದರೆ "ಅಮ್ಮ ಸುಳ್ಳು ಹೇಳಿದಳು" ಅನ್ನೋದು ಮಾತ್ರ ಅವಳ ತಲೆಯಲ್ಲಿ ಉಳಿಯುತ್ತೆ.

ಪುಟಾಣಿ ಟೀಚರ್

ನಾನು 11 ವರ್ಷದಿಂದ ಮೂರರಿಂದ ಆರು ವರ್ಷದ ಮಕ್ಕಳ ಜೊತೆ ಇದ್ದೇನೆ. ಮೇಲಿನ ಮಾತನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಮಗಳ ಪ್ರಶ್ನೆಯನ್ನೇ ಇನ್ನೊಮ್ಮೆ ಓದಿ. "ನಮ್ಮ ಕ್ಯಾರೆಟ್‌ಗೆ ಎಲೆ ಯಾಕೆ ಇರಲಿಲ್ಲ?" ಅವಳು ನೋಡಿದ್ದಾಳೆ, ಪುಸ್ತಕದ ಚಿತ್ರದ ಜೊತೆ ಹೋಲಿಸಿದ್ದಾಳೆ, ಎಲ್ಲೋ ತಾಳೆ ಆಗುತ್ತಿಲ್ಲ ಅಂತ ಗೊತ್ತಾಗಿದೆ. ಇಷ್ಟು ಚೆನ್ನಾಗಿ ಯೋಚಿಸುವ ಮಗುವಿಗೆ "ಸುಮ್ನೆ ಇರು, ಹಾಗೇ ಅದು" ಅಂದರೆ ನೋಡುವುದನ್ನೇ ಬಿಡುತ್ತಾಳೆ. ತನ್ನ ಕಣ್ಣಿಗಿಂತ ಅಮ್ಮನ ಮಾತೇ ಸರಿ ಅಂದುಕೊಳ್ಳುತ್ತಾಳೆ. ನನಗೆ ಹೆದರಿಕೆ ಇರುವುದು ಅದಕ್ಕೆ. ಒಂದು ಸಣ್ಣ ಸುಳ್ಳಿಗೆ ಅಲ್ಲ.

ಚಮಚದಲ್ಲಿ ಕೆದಕಿದ್ದನ್ನು ತುಂಟತನ ಅಂದುಕೊಳ್ಳಬೇಡಿ. ಒಳಗೆ ಏನಾಗುತ್ತಿದೆ ಅನ್ನುವ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡಲು ಗಾಜಿನ ಲೋಟ ಬೇಕು. ಬೀನ್ಸ್ ಕಾಳನ್ನು ರಾತ್ರಿ ನೆನೆಸಿ. ಲೋಟದ ಒಳಗೋಡೆಗೆ ಒದ್ದೆ ಹತ್ತಿಯೋ ಕಾಗದವೋ ಒತ್ತಿ, ಗಾಜಿಗೂ ಅದಕ್ಕೂ ನಡುವೆ ಕಾಳು ಸಿಗಿಸಿ. ಬೇರು ಮೊದಲು ಕೆಳಗೆ ಇಳಿಯುವುದು ಕಾಣುತ್ತದೆ. ಲೋಟವನ್ನು ಅಡ್ಡ ಮಲಗಿಸಿದರೂ ಬೇರು ಬಗ್ಗಿ ಮತ್ತೆ ಕೆಳಗೇ ಹೋಗುತ್ತೆ. ನಮ್ಮ ಮಕ್ಕಳು ಇದನ್ನು ನೋಡಿ "ಅದಕ್ಕೆ ಕೆಳಗೆ ಯಾವ ಕಡೆ ಅಂತ ಹೇಗೆ ಗೊತ್ತು?" ಅಂತ ಕೇಳದ ವರ್ಷವೇ ಇಲ್ಲ.

ಪಕ್ಕದಲ್ಲಿ ಇನ್ನೊಂದು ಲೋಟಕ್ಕೆ ಬಟಾಣಿ ಹಾಕಿ. ಬೀನ್ಸ್‌ನಲ್ಲಿ ಕಾಳಿನ ಎರಡು ಬೇಳೆಯೂ ಗಿಡದ ಜೊತೆ ಮೇಲಕ್ಕೆ ಎದ್ದು ಬರುತ್ತವೆ. ಬಟಾಣಿಯಲ್ಲಿ ಬೇಳೆ ಕೆಳಗೇ ಉಳಿದು ಚಿಗುರು ಮಾತ್ರ ಮೇಲೆ ಬರುತ್ತೆ. ಇದನ್ನು ನೀವು ಹೇಳಬೇಡಿ. ಅವಳೇ ಕಂಡುಹಿಡಿಯಲಿ.

ಇನ್ನೊಂದು ಮಾತು. ಶಿಶುವಿಹಾರಕ್ಕೆ ನಾವು ಬಳಸುವ ಕಿಂಡರ್‌ಗಾರ್ಟನ್ ಅನ್ನುವ ಜರ್ಮನ್ ಪದದ ಅರ್ಥವೇ ಮಕ್ಕಳ ತೋಟ. 1840ರಲ್ಲಿ ಆ ಹೆಸರು ಇಟ್ಟ ಫ್ರೆಡ್ರಿಕ್ ಫ್ರೋಬೆಲ್ ತನ್ನ ಶಾಲೆಯಲ್ಲಿ ಒಂದೊಂದು ಮಗುವಿಗೂ ಒಂದೊಂದು ಪುಟ್ಟ ಪಾತಿ ಕೊಟ್ಟಿದ್ದ. ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿ ಬೇರೆ ಇರುತ್ತಿತ್ತು. ತನ್ನದು ಅನ್ನುವ ತುಂಡು ನೆಲ ಇದ್ದರೆ ಮಗು ಬೇರೆಯೇ ರೀತಿ ನೋಡಿಕೊಳ್ಳುತ್ತೆ. ಅದರಲ್ಲಿ ಏನು ಆದರೂ ಅದು ಅವಳದು. ರಾತ್ರಿ ಹೋಗಿ ಸರಿಮಾಡಬೇಡಿ.

ಹಿತ್ತಲ ಅಜ್ಜಿ

ಮಗಳೇ, ನೀನು ಇಷ್ಟು ಒದ್ದಾಡಬೇಡ. ಮಗುವಿನ ಮುಖ ಬಾಡಿದ್ದು ನೋಡಲಾರದೆ ಮಾಡಿದ್ದು ತಾನೆ.

ಅವಳ ಪ್ರಶ್ನೆಗೆ ಉತ್ತರ ನಿನ್ನ ಅಡುಗೆಮನೆಯಲ್ಲೇ ಇದೆ. ನಾಳೆ ಕ್ಯಾರೆಟ್ ಹೆಚ್ಚುವಾಗ ತಲೆಯ ಕಡೆ ಒಂದು ಬೆರಳು ಅಗಲ ಕತ್ತರಿಸಿ ಇಟ್ಟುಕೋ. ತಟ್ಟೆಯಲ್ಲಿ ಸ್ವಲ್ಪವೇ ನೀರು ಹಾಕಿ ಕೊಯ್ದ ಕಡೆ ಕೆಳಗೆ ಮಾಡಿ ಕಿಟಕಿ ಹತ್ತಿರ ಇಡು. ನೀರು ಎರಡು ದಿನಕ್ಕೊಮ್ಮೆ ಬದಲಾಯಿಸು. ವಾರದೊಳಗೆ ನೆತ್ತಿಯಲ್ಲಿ ಹಸಿರು ಎಲೆ ಚಿಗುರುತ್ತೆ, ಪುಸ್ತಕದಲ್ಲಿ ಇರುವಂಥದ್ದೇ. ಆಗ ಅವಳನ್ನು ಕೂರಿಸಿಕೊಂಡು ಹೇಳು. ನೋಡು, ಇದಕ್ಕೆ ಎಲೆ ಇತ್ತು. ಬೆಳೆದವರು ಕಿತ್ತು, ಎಲೆ ಕತ್ತರಿಸಿ ಕಳಿಸಿದ್ದರು. ನಮ್ಮ ಕುಂಡದಲ್ಲಿ ಇದ್ದದ್ದೂ ಅವರು ಬೆಳೆದ ಕ್ಯಾರೆಟ್ಟೇ. ನಾನೇ ತಂದು ಹುಗಿದಿಟ್ಟಿದ್ದೆ, ನಮ್ಮ ಸಸಿ ಸತ್ತುಹೋಗಿದ್ದವು ಅಂತ.

ಒಂದು ಎಚ್ಚರಿಕೆ. ಆ ತುಂಡಿನಿಂದ ಹೊಸ ಗಡ್ಡೆ ಬರುವುದಿಲ್ಲ, ಎಲೆ ಮಾತ್ರ. ಮಣ್ಣಿಗೆ ಹಾಕಿ ಬದುಕಿಸಿದರೆ ಮುಂದೆ ಬಿಳಿ ಹೂವು ಬಿಡಬಹುದು. ಇದನ್ನು ಅವಳಿಗೆ ಮೊದಲೇ ಹೇಳಿಬಿಡು. ಇಲ್ಲದಿದ್ದರೆ ಮತ್ತೆ ಅಗೆದು ಹುಡುಕುತ್ತಾಳೆ.

ಆಲೂಗಡ್ಡೆಗೆ ಕಣ್ಣು ಬಂದಿದ್ದರೆ ಎಸೆಯಬೇಡ. ಕಣ್ಣು ಇರುವ ತುಂಡು ಕೊಯ್ದು ಒಂದೆರಡು ದಿನ ಗಾಳಿಗೆ ಒಣಗಿಸಿ ನೆಡು. ಬೆಳ್ಳುಳ್ಳಿಯ ಒಂದು ಎಸಳು ನೆಟ್ಟರೆ ಹಸಿರು ಕಡ್ಡಿ ಬರುತ್ತೆ. ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು, ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತೆ. ಆ ಉಜ್ಜುವ ಕೆಲಸ ಮಗುವಿಗೆ ಕೊಡು, ಪುಟ್ಟ ಕೈಗೆ ಹೇಳಿ ಮಾಡಿಸಿದ ಕೆಲಸ.

ಬಾಲ್ಕನಿ ಅಮ್ಮ

ಅಜ್ಜಿ, ನಿಮ್ಮ ಮಾತು ಓದಿ ಕಣ್ಣು ತುಂಬಿ ಬಂತು. ಎಲೆ ಕತ್ತರಿಸಿ ಕಳಿಸಿದ್ದರು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ತಟ್ಟೆಯಲ್ಲಿ ಇಡುತ್ತೇನೆ.

ಹೊಲದವನು

ನಾನು ಬೇಸಾಯ ಮಾಡುವವನು. ಇದನ್ನೆಲ್ಲಾ ಓದುತ್ತಾ ಒಂದು ಮಾತು ಹೇಳಬೇಕು ಅನಿಸಿತು.

ಸಸಿ ಸತ್ತದ್ದನ್ನು ಮಗುವಿನಿಂದ ಮುಚ್ಚಿಡಬೇಡಿ. ಊಟ ಎಲ್ಲಿಂದ ಬರುತ್ತೆ ಅಂತ ಕಲಿಸಲು ಹೊರಟಿದ್ದೀರಲ್ಲ, ಅದರಲ್ಲಿ ಅರ್ಧ ಪಾಠ ಇರುವುದೇ ಅಲ್ಲಿ. ಒಂದು ವರ್ಷ ಕೊಯ್ಲಿಗೆ ವಾರ ಇರುವಾಗ ಮಳೆ ಹಿಡಿದು ನನ್ನ ಭತ್ತ ಪೂರ್ತಿ ಮಲಗಿತು. ನೀರಿನಲ್ಲೇ ತೆನೆ ಮೊಳಕೆ ಬಂತು. ನನ್ನ ಮಗ ಆಗ ಐದು ವರ್ಷದವನು. ಗದ್ದೆಯ ಬದುವಿನ ಮೇಲೆ ನನ್ನ ಜೊತೆ ನಿಂತು ನೋಡಿದ. ಏನೂ ಕೇಳಲಿಲ್ಲ. ಆಮೇಲೆ ತಟ್ಟೆಯಲ್ಲಿ ಅನ್ನ ಬಿಡುವುದು ನಿಂತಿತು. ನಾನು ಅವನಿಗೆ ಯಾವತ್ತೂ ಬಿಡಬೇಡ ಅಂತ ಬೈದವನಲ್ಲ.

ಮಕ್ಕಳಿಗೆ ಇಷ್ಟವಾಗುವ ಒಂದು ಕೆಲಸ ಹೇಳುತ್ತೇನೆ. ಬಿತ್ತನೆ ಭತ್ತ ಒಂದು ನಾಲ್ಕು ಕಾಳು ಸಿಕ್ಕರೆ ಬಕೆಟ್‌ನಲ್ಲಿ ಹಾಕಿ. ತೂತು ಬೇಡ. ಮುಕ್ಕಾಲು ಬಕೆಟ್ ಮಣ್ಣು, ಸಸಿ ಒಂದು ಗೇಣು ಆದ ಮೇಲೆ ಮಣ್ಣಿನ ಮೇಲೆ ಎರಡು ಬೆರಳು ನೀರು. ಬಿಸಿಲು ಚೆನ್ನಾಗಿರಬೇಕು. ಒಂದೇ ಕಾಳಿನಿಂದ ಎಷ್ಟೊಂದು ತೆಂಡೆ, ಅಂದರೆ ಬುಡದಿಂದ ಬರುವ ಕವಲು, ಒಡೆಯುತ್ತೆ, ಒಂದೊಂದು ತೆನೆಯಲ್ಲಿ ನೂರರ ಆಸುಪಾಸು ಕಾಳು. ಸುಮಾರು ನಾಲ್ಕು ತಿಂಗಳು ಬೇಕು. ಕೊನೆಗೆ ಕಾಳು ಬಿಡಿಸಿ ಸಿಪ್ಪೆ ತೆಗೆದರೆ ಸಿಗುವುದು ಒಂದು ಸಣ್ಣ ಹಿಡಿ ಅಕ್ಕಿ. ಐವತ್ತು ಗ್ರಾಂ ಅಕ್ಕಿಯಲ್ಲಿ 2000ಕ್ಕೂ ಹೆಚ್ಚು ಕಾಳು ಇರುತ್ತೆ. ಅಷ್ಟು ಬೆಳೆಯಲು ಎಷ್ಟು ಬಕೆಟ್ ಬೇಕು ಅಂತ ಮಗುವಿನ ಜೊತೆ ಕೂತು ಲೆಕ್ಕ ಹಾಕಿ. ದೊಡ್ಡವರಿಗೂ ಬೇಕಾದ ಲೆಕ್ಕ ಅದು.

ಇಬ್ಬರ ಅಪ್ಪ

ಹೊಲದವನು ಅಣ್ಣ, ನಿಮ್ಮ ಮಾತು ಓದಿ ನಿಜ ಹೇಳಬೇಡಿ ಅಂತ ನಾನು ಬರೆದದ್ದು ಸರಿಯಲ್ಲ ಅನಿಸಿತು. ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಒಂದು ಪ್ರಶ್ನೆ ಉಳಿಯಿತು. ಬೆಳೆದರೆ ಮಕ್ಕಳು ತರಕಾರಿ ತಿನ್ನುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ದೊಡ್ಡವನು ಕಳೆದ ಸಲ ಟೊಮೆಟೊ ಬೆಳೆದ. ಗಿಡಕ್ಕೆ ಹೆಸರಿಟ್ಟ, ದಿನಾ ಮಾತಾಡಿಸಿದ. ಹಣ್ಣು ಮಾತ್ರ ಒಂದೂ ತಿನ್ನಲಿಲ್ಲ. ನನಗೆ ಬೇಸರವಾಗಿ "ಇಷ್ಟೆಲ್ಲಾ ಮಾಡಿ ತಿನ್ನಲ್ಲ ಅಂದ್ರೆ ಯಾಕೆ ಬೆಳೆದೆ?" ಅಂದೆ. ಆಮೇಲೆ ಅವನು ಗಿಡದ ಹತ್ತಿರ ಹೋಗುವುದೇ ಬಿಟ್ಟ.

ಪುಟಾಣಿ ಟೀಚರ್

ಅಪ್ಪ ಅವರೇ, ನೀವು ಇದನ್ನು ಬರೆದದ್ದು ಒಳ್ಳೆಯದಾಯಿತು. ಬಹಳ ಮನೆಗಳಲ್ಲಿ ಇದೇ ಆಗುತ್ತೆ.

ಹೊಸ ರುಚಿಗೆ ಮಕ್ಕಳು ಹಿಂಜರಿಯುವುದು ಸಹಜ. ಲಿಯಾನ್ ಬರ್ಚ್ ಅನ್ನುವ ಸಂಶೋಧಕಿ 1980ರ ದಶಕದಲ್ಲೇ ಎರಡು ವರ್ಷದ ಮಕ್ಕಳ ಜೊತೆ ಇದನ್ನು ಅಧ್ಯಯನ ಮಾಡಿದ್ದರು. ಒಂದು ತಿನಿಸನ್ನು ಹೆಚ್ಚು ಸಲ ರುಚಿ ನೋಡಿದಷ್ಟೂ ಅದನ್ನು ಆರಿಸಿಕೊಳ್ಳುವುದು ಹೆಚ್ಚಾಯಿತು. ಈಗ ಸಾಮಾನ್ಯವಾಗಿ ಹೇಳುವುದು 8ರಿಂದ 15 ಸಲ ಮುಂದಿಡಬೇಕು ಅಂತ. ನಾವು ಎರಡು ಮೂರು ಸಲಕ್ಕೆ "ಇವನಿಗೆ ಸೇರಲ್ಲ" ಅಂತ ಕೈಬಿಡುತ್ತೇವೆ. ಒತ್ತಾಯ ಮಾಡಿದರೆ ಹಿಂಜರಿಕೆ ಇನ್ನೂ ಜಾಸ್ತಿ ಆಗುತ್ತೆ.

ನಿಮ್ಮ ಮಗ ಟೊಮೆಟೊ ಬೆಳೆದ, ಅಷ್ಟು ಸಾಕು. ಮುಟ್ಟಿದ್ದಾನೆ, ಎಲೆಯ ವಾಸನೆ ನೋಡಿದ್ದಾನೆ, ಹಸಿರು ಕೆಂಪಾಗಿದ್ದನ್ನು ನೋಡಿದ್ದಾನೆ. ಅವೆಲ್ಲವೂ ಪರಿಚಯವೇ. ಮುಂದಿನ ಸಲ ಅವನ ಹಣ್ಣನ್ನು ಬೇರೆಯವರಿಗೆ ಬಡಿಸಲು ಹೇಳಿ. "ಇದು ನಾನು ಬೆಳೆದದ್ದು" ಅಂತ ಅವನೇ ಎಲ್ಲರ ತಟ್ಟೆಗೂ ಹಾಕಲಿ. ತಿನ್ನುವುದು ಬಿಡುವುದು ಅವನಿಗೆ ಬಿಡಿ. ತರಕಾರಿ ತಿನ್ನಿಸುವ ಉಪಾಯವಾಗಿ ಕೈತೋಟ ಮಾಡಿದರೆ ಮಕ್ಕಳಿಗೆ ಬೇಗ ಗೊತ್ತಾಗಿಬಿಡುತ್ತೆ.

ನರ್ಸ್ ಅಕ್ಕ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಸುರಕ್ಷತೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಹೆದರಿಸಲು ಅಲ್ಲ.

ಮೊದಲನೆಯದು ಬೀಜ. ಪ್ಯಾಕೆಟ್ಟಿನ ಕೆಲವು ಬೀಜಕ್ಕೆ ಗುಲಾಬಿಯೋ ನೀಲಿಯೋ ಬಣ್ಣ ಇರುತ್ತೆ. ಶಿಲೀಂಧ್ರನಾಶಕ ಲೇಪಿಸಿದ ಗುರುತು ಅದು. ಮಕ್ಕಳ ಕೈಗೆ ಅಂಥ ಬೀಜ ಬೇಡ. ಮಿಠಾಯಿಯ ಹಾಗೆ ಕಾಣುತ್ತೆ, ಬಾಯಿಗೆ ಹೋಗುತ್ತೆ. ಲೇಪನ ಇಲ್ಲದ್ದನ್ನೇ ಕೇಳಿ ತನ್ನಿ.

ಹಸಿ ರಾಜ್ಮಾ ಕಾಳು ವಿಷ. ಲೋಟದಲ್ಲಿ ಮೊಳಕೆ ಬರಿಸಲು ಬಳಸಿದರೆ ಮಗು ಒಬ್ಬಳೇ ಇರುವಾಗ ಕಾಳು ಕೈಗೆ ಸಿಗದಂತೆ ನೋಡಿಕೊಳ್ಳಿ. ತಿನ್ನುವುದಾದರೆ ಐದು ಗಂಟೆಗೂ ಹೆಚ್ಚು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಡಿಮೆ ಅಂದರೂ ಹತ್ತು ನಿಮಿಷ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಆಲೂಗಡ್ಡೆ ಗಿಡದ ಎಲೆ ಮತ್ತು ಗಿಡದಲ್ಲಿ ಬಿಡುವ ಹಸಿರು ಕಾಯಿ ತಿನ್ನಬಾರದು. ಬಿಸಿಲು ತಗುಲಿ ಹಸಿರಾದ ಗಡ್ಡೆಯೂ ಬೇಡ. ಹಿತ್ತಲಲ್ಲಿ ಹರಳು, ಕಣಗಿಲೆ, ಉಮ್ಮತ್ತಿ ಇದ್ದರೆ ಮಗುವನ್ನು ಕರೆದು ತೋರಿಸಿ, "ಇದು ತಿನ್ನುವ ಗಿಡ ಅಲ್ಲ" ಅಂತ ಹೆಸರು ಹೇಳಿ ಕಲಿಸಿ. ಬಹಳ ಚಿಕ್ಕ ಮಗುವಾದರೆ ಆ ಗಿಡ ತೆಗೆದುಬಿಡುವುದೇ ಒಳ್ಳೆಯದು. "ನನ್ನನ್ನೋ ಅಪ್ಪನನ್ನೋ ಕೇಳದೆ ಗಿಡದಿಂದ ಏನೂ ಬಾಯಿಗೆ ಇಡಬಾರದು", ಈ ಒಂದು ನಿಯಮ ಮೊದಲ ದಿನವೇ ಹೇಳಿ.

ನೀರು ತುಂಬಿದ ಬಕೆಟ್ ಬಗ್ಗೆ ನನಗೆ ಎಲ್ಲಕ್ಕಿಂತ ಚಿಂತೆ. ಪುಟ್ಟ ಮಕ್ಕಳು ಕೆಲವೇ ಇಂಚು ನೀರಿನಲ್ಲೂ ಮುಳುಗಬಹುದು. ಭತ್ತದ ಬಕೆಟ್ಟನ್ನೂ ಮಗು ಒಂಟಿಯಾಗಿ ಹೋಗದ ಕಡೆ ಇಡಿ. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೆ ಒಂದು ಸಲವಾದರೂ ಚೆಲ್ಲಿ ಉಜ್ಜಿ ತೊಳೆಯಿರಿ. ಸೊಳ್ಳೆಯ ಮೊಟ್ಟೆ ದೊಡ್ಡ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ಹಸಿ ಸಗಣಿ ಗೊಬ್ಬರ ಹಾಕಬೇಡಿ, ಚೆನ್ನಾಗಿ ಕಳಿತದ್ದು ಮಾತ್ರ. ಮಣ್ಣಿನಲ್ಲಿ ಬೆಕ್ಕು ಹೊಲಸು ಮಾಡದಂತೆ ನೋಡಿಕೊಳ್ಳಿ. ಗರ್ಭಿಣಿಯರು ಕೈಗವಸು ಹಾಕಿಕೊಂಡೇ ಮಣ್ಣು ಮುಟ್ಟಲಿ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ. ಪುಟ್ಟ ಟೊಮೆಟೊವನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಿ, ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಹಸಿ ಕ್ಯಾರೆಟ್ಟನ್ನೂ ದಪ್ಪ ಗಾಲಿಯ ಹಾಗೆ ಕೊಡಬೇಡಿ, ತುರಿದೋ ತೆಳ್ಳಗೆ ಉದ್ದ ಹೆಚ್ಚಿಯೋ ಕೊಡಿ.

ಇಷ್ಟು ನೋಡಿಕೊಂಡರೆ ಮಣ್ಣಲ್ಲಿ ಧಾರಾಳವಾಗಿ ಆಡಲಿ.

ಹೊಸ ಮೊಳಕೆ

ನನ್ನದು ಸ್ವಲ್ಪ ಕಷ್ಟದ ಪ್ರಶ್ನೆ. ನನ್ನ ಮಗನಿಗೆ ಐದು ವರ್ಷ. ತರಕಾರಿ ಎಲ್ಲಿಂದ ಅಂತ ಗೊತ್ತಾದ ಮೇಲೆ ಈಗ ಮೊಟ್ಟೆ, ಹಾಲು, ಮಾಂಸ ಎಲ್ಲದರ ಬಗ್ಗೆಯೂ ಕೇಳುತ್ತಿದ್ದಾನೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುತ್ತೇವೆ. "ಕೋಳಿ ಅಂದ್ರೆ ಆ ಕೋಳಿನೇನಾ?" ಅಂದ. ನಾನು ಮಾತು ಬದಲಾಯಿಸಿದೆ.

ಹೊಲದವನು

ಬದಲಾಯಿಸಬೇಡಿ. ಕೇಳಿದಷ್ಟಕ್ಕೆ ಮಾತ್ರ, ನಿಜವನ್ನೇ ಹೇಳಿ. "ಹೌದು, ಅದೇ ಕೋಳಿ. ತಿನ್ನುವುದಕ್ಕೆ ಅಂತ ಸಾಕುತ್ತಾರೆ, ಆಮೇಲೆ ಕೊಲ್ಲುತ್ತಾರೆ." ಅಷ್ಟು ಹೇಳಿ ನಿಲ್ಲಿಸಿ. ಅವನು ಇನ್ನೂ ಕೇಳಿದರೆ ಇನ್ನೊಂದು ಮಾತು. ಕೇಳದಿದ್ದರೆ ಬೇಡ. ಅಳಬಹುದು. ಕೆಲವು ದಿನ ತಿನ್ನಲ್ಲ ಅನ್ನಬಹುದು. ಅವನ ಅಳುವಿಗೂ ಮರ್ಯಾದೆ ಕೊಡಿ, ಬಡಿಸಬೇಡಿ. ತಿನ್ನುವ ಮನೆಯಲ್ಲೂ ತಿನ್ನದ ಮನೆಯಲ್ಲೂ ಮಕ್ಕಳು ಇದನ್ನು ಯಾವತ್ತೋ ಒಂದು ದಿನ ಕೇಳುತ್ತಾರೆ.

ಹಾಲು ಮೊಟ್ಟೆ ಸುಲಭ. ಹಸು ಕರು ಹಾಕಿದ ಮೇಲೆ ಮಾತ್ರ ಹಾಲು ಕೊಡುತ್ತೆ. ಇದು ಗೊತ್ತಿಲ್ಲದ ದೊಡ್ಡವರನ್ನೂ ನೋಡಿದ್ದೇನೆ. ಕೋಳಿಗೆ ಒಂದು ಮೊಟ್ಟೆ ತಯಾರಾಗಲು ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಹುಂಜ ಇಲ್ಲದೆಯೂ ಮೊಟ್ಟೆ ಇಡುತ್ತೆ, ಆ ಮೊಟ್ಟೆಯಿಂದ ಮರಿ ಬರುವುದಿಲ್ಲ. ಮೊಟ್ಟೆ ತಿಂದರೆ ಮರಿಯನ್ನು ತಿಂದ ಹಾಗಾ ಅಂತ ಅವನು ಕೇಳುತ್ತಾನೆ, ಉತ್ತರ ಇಟ್ಟುಕೊಂಡಿರಿ.

ಹೊಸ ಮೊಳಕೆ

ಹೇಳಿದೆ ಅಣ್ಣ. ತುಂಬಾ ಹೊತ್ತು ಸುಮ್ಮನಿದ್ದ. "ಅದಕ್ಕೆ ಊಟ ಹಾಕ್ತಿದ್ರಾ?" ಅಂತ ಕೇಳಿದ. ಹಾಕ್ತಿದ್ದರು ಅಂದೆ. ಬೇರೇನೂ ಕೇಳಲಿಲ್ಲ.

ಎರೆಹುಳು

ಇನ್ನೂ ಒಂದು ಗಿಡ ಸೇರಿಸುತ್ತೇನೆ. ಜಾಗ ಇದ್ದವರು ಕುಂಬಳ ಹಾಕಿ. ಅದರಲ್ಲಿ ಗಂಡು ಹೂವು ಹೆಣ್ಣು ಹೂವು ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಮೊದಲೇ ಇರುತ್ತೆ, ಗಂಡು ಹೂವಿಗೆ ಬರೀ ತೊಟ್ಟು. ಸಾಮಾನ್ಯವಾಗಿ ಗಂಡು ಹೂವು ಮೊದಲು ಬರುತ್ತೆ, ಉದುರುತ್ತೆ. ಗಿಡ ಹಾಳಾಯಿತು ಅಂತ ಗಾಬರಿ ಬೇಡ. ಹೆಣ್ಣು ಹೂವು ಅರಳಿದ ಬೆಳಗ್ಗೆ, ಗಂಡು ಹೂವು ಕಿತ್ತು ದಳ ತೆಗೆದು ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಲು ಮಗುವಿಗೆ ಕೊಡಿ. ಹೂವು ಅರಳಿರುವುದು ಆ ಒಂದು ಬೆಳಗ್ಗೆ ಮಾತ್ರ. ಕೂಡಿದ್ದರೆ ಕಾಯಿ ದಪ್ಪಗಾಗುತ್ತಾ ಹೋಗುತ್ತೆ, ಇಲ್ಲದಿದ್ದರೆ ಕೆಲವು ದಿನದಲ್ಲಿ ಹಳದಿಯಾಗಿ ಬಿದ್ದುಹೋಗುತ್ತೆ. ಜೇನುನೊಣ ದಿನಾ ಮಾಡುವ ಕೆಲಸ ಏನು ಅಂತ ಮಗುವಿಗೆ ತನ್ನ ಕೈಯಿಂದಲೇ ಗೊತ್ತಾಗುತ್ತೆ. ಪ್ರಪಂಚದ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಸ್ವಲ್ಪವಾದರೂ ಇಂಥ ಜೀವಿಗಳನ್ನು ನಂಬಿಕೊಂಡಿವೆ.

ಮಕ್ಕಳು ಓಡಾಡುವ ಗಿಡಕ್ಕೆ ಕೀಟನಾಶಕ ಹೊಡೆಯಬೇಡಿ. ನಿಂಬೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳು ಸಿಕ್ಕರೆ ಕೊಲ್ಲದೆ ತೋರಿಸಿ. ಬೆಳೆದು ಹಸಿರಾಗುತ್ತೆ, ಗೂಡು ಕಟ್ಟಿ ಚಿಟ್ಟೆಯಾಗುತ್ತೆ. ನಾಲ್ಕು ಎಲೆ ಹೋದರೆ ಹೋಗಲಿ.

ಬಾಲ್ಕನಿ ಅಮ್ಮ

ಆರು ವಾರ ಆಯಿತು. ಏನಾಯಿತು ಅಂತ ನಿಮಗೆಲ್ಲ ಹೇಳಲೇಬೇಕು.

ಕ್ಯಾರೆಟ್ ತಲೆ ತಟ್ಟೆಯಲ್ಲಿ ಇಟ್ಟ ಐದನೆಯ ದಿನ ಎಲೆ ಬಂತು. ಅವಳೇ ಮೊದಲು ನೋಡಿದ್ದು. ಅಜ್ಜಿ ಹೇಳಿದ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಹೇಳಿದೆ. ಹೇಳುವಾಗ ನನ್ನ ಧ್ವನಿಯೇ ನಡುಗುತ್ತಿತ್ತು. ಅವಳು ಕೇಳಿದ್ದು ಎರಡೇ ಪ್ರಶ್ನೆ. "ನಮ್ಮ ಸಸಿ ಸತ್ತೋಯ್ತಾ?" ಹೌದು ಅಂದೆ. "ನಾನು ನೀರು ಜಾಸ್ತಿ ಹಾಕಿದ್ನಾ?" ಇದಕ್ಕೆ ನಾನು ಸಿದ್ಧಳಿರಲಿಲ್ಲ. ಇಬ್ಬರೂ ಸೇರಿ ಹಾಕಿದೆವು, ನನಗೂ ಗೊತ್ತಿರಲಿಲ್ಲ ಅಂದೆ. ಸ್ವಲ್ಪ ಅತ್ತಳು. ನಾನೂ ಅತ್ತೆ. ಸಂಜೆ ಅವಳೇ ಬಂದು "ಇನ್ನೊಂದು ಸಲ ಹಾಕೋಣ" ಅಂದಳು.

ಮೂಲಂಗಿ ಹಾಕಿದೆವು. ನಾಲ್ಕನೆಯ ದಿನ ಮೊಳಕೆ. ಬೆರಳು ಹಾಕಿ ನೋಡುವ ಉಪಾಯ ಚೆನ್ನಾಗಿ ಕೆಲಸ ಮಾಡಿತು. ಈಗ ಮನೆಗೆ ಬಂದವರ ಬೆರಳನ್ನೂ ಹಿಡಿದು ಮಣ್ಣಿಗೆ ಹಾಕಿಸುತ್ತಾಳೆ. ಗಾಜಿನ ಲೋಟದ ಬೀನ್ಸ್ ಕಿಟಕಿಯಲ್ಲಿತ್ತು, ಹಾಗಾಗಿ ಕೆದಕುವುದು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ. ಹನ್ನೆರಡನೆಯ ದಿನ ಒಂದು ಗಿಡ ಕಿತ್ತು ತಂದು ತೋರಿಸಿದಳು. ಕೆಳಗೆ ಕೆಂಪು ದಾರದಷ್ಟು ಬೇರು. "ಇನ್ನೂ ಪಾಪು ಇದು" ಅಂತ ವಾಪಸ್ ನೆಟ್ಟಳು. ಅದು ಬಾಡಿತು. ನಾನು ಏನೂ ಮಾಡಲಿಲ್ಲ, ಏನೂ ಹೇಳಲಿಲ್ಲ. ಆಮೇಲೆ ಅವಳು ಒಂದನ್ನೂ ಕೀಳಲಿಲ್ಲ.

ಮೂವತ್ತನೆಯ ದಿನ ಕಿತ್ತೆವು. ಒಟ್ಟು ಹದಿನಾಲ್ಕು ಬಿತ್ತಿದ್ದು, ಒಂಬತ್ತು ಗಡ್ಡೆ ಸಿಕ್ಕಿತು. ಎರಡು ಗೋಲಿಯಷ್ಟೇ ಇದ್ದವು. ಎಲ್ಲದಕ್ಕೂ ಎಲೆ ಇತ್ತು, ಎಲೆಗಳನ್ನು ಎಣಿಸಿದಳು. ತೆಳ್ಳಗೆ ಹೆಚ್ಚಿ ಕೊಟ್ಟೆ. ನಾಲಿಗೆಗೆ ತಾಗಿಸಿ "ಖಾರ!" ಅಂತ ಉಗುಳಿದಳು. ಉಳಿದದ್ದನ್ನು ಎಲ್ಲರ ತಟ್ಟೆಗೂ ಒಂದೊಂದು ಚೂರು ತಾನೇ ಬಡಿಸಿದಳು, ಟೀಚರ್ ಹೇಳಿದ್ದ ಹಾಗೆ.

ಒಂದು ಗಿಡವನ್ನು ಮಾತ್ರ ಕೀಳಲು ಬಿಡುತ್ತಿಲ್ಲ. "ಇದು ಇಲ್ಲೇ ಇರ್ಲಿ" ಅನ್ನುತ್ತಾಳೆ. ಗಡ್ಡೆ ಈಗ ಸೀಳುತ್ತಿದೆ, ನಡುವಿನಿಂದ ಉದ್ದ ದಂಟು ಏಳುತ್ತಿದೆ. ಹಾಗೇ ಬಿಟ್ಟರೆ ಏನಾಗುತ್ತೆ?

ಎರೆಹುಳು

ಬಿಡಿ, ಬಿಡಿ. ದಂಟು ಸೊಂಟದೆತ್ತರಕ್ಕೂ ಬೆಳೆಯಬಹುದು, ಒಂದು ಕೋಲು ಕಟ್ಟಿ. ಬಿಳಿಯೋ ತಿಳಿ ನೇರಳೆಯೋ ಹೂವು ಬರುತ್ತೆ, ಜೇನು ಬರುತ್ತವೆ. ಆಮೇಲೆ ಕಾಯಿ ಕಟ್ಟುತ್ತೆ. ಎಳೆಯದಾಗಿದ್ದಾಗ ಆ ಕಾಯನ್ನೂ ತಿನ್ನಬಹುದು, ಅದೂ ಸ್ವಲ್ಪ ಖಾರ. ಒಂದೇ ಗಿಡ ಇರುವುದರಿಂದ ಕಾಯಿ ಕಡಿಮೆ ಬರಬಹುದು. ಮೂಲಂಗಿಗೆ ಸಾಮಾನ್ಯವಾಗಿ ಇನ್ನೊಂದು ಗಿಡದ ಪರಾಗ ಬೇಕು. ಅದಕ್ಕೇ ಈ ವಾರವೇ ಪಕ್ಕದಲ್ಲಿ ಇನ್ನು ನಾಲ್ಕು ಬೀಜ ಹಾಕಿ, ಅವೂ ಹೂವಿಗೆ ಬರಲಿ. ಕಾಯಿ ಗಿಡದಲ್ಲೇ ಒಣಗಿ ಕಂದು ಆಗುವವರೆಗೆ ಕಾಯಿರಿ. ಸಿಪ್ಪೆ ಗಟ್ಟಿ, ಅವಳ ಬೆರಳಿಗೆ ಒಡೆಯಲಿಕ್ಕಿಲ್ಲ. ಒಂದು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆ ಕೊಡಿ.

ಬಾಲ್ಕನಿ ಅಮ್ಮ

ಕೋಲು ಕಟ್ಟಿದೆವು. ನಾಲ್ಕು ಬೀಜ ಹಾಕು ಅಂದೆ, ಅವಳು ಐದು ಹಾಕಿದಳು. "ಒಂದು ಸತ್ತೋದ್ರೆ?" ಅಂದಳು.